ಅಳಿಯದೇವರ ಹಾರೊದೆ

ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ಚನ್ನಬಸವರಾಜ ಹೆಂಡತಿಯ ಬಾಯಿಂದ ಅತಿ ಹೆಚ್ಚು ಸಲ ಕೇಳಿದ ಮಾತು "ಊಟಕ್ಕ ಬರ್ರಿ" ಎಂಬುದಲ್ಲ, "ಸ್ವಲ್ಪ ನೆಲದ ಮ್ಯಾಲೆ ಇರ್ರಿ" ಎಂಬುದು. ಇದು ಶುದ್ಧ ಅನ್ಯಾಯವೆಂದು ಅವನ ದೂರು. ಅವನಷ್ಟು ನೆಲದ ಮೇಲಿದ್ದ ಮನುಷ್ಯ ಇಡೀ ಬಳ್ಳಾರಿಯಲ್ಲಿ ಇನ್ನೊಬ್ಬನಿರಲಿಲ್ಲ. ಅಂಗಡಿ ಕೆಳಗಿನ ಅಂತಸ್ತಿನದು, ಮನೆ ಕೆಳಗಿನ ಅಂತಸ್ತಿನದು, ತೂಕ ಎಂಬತ್ತೆರಡು ಕಿಲೊ. ವಿಮಾನ ಹತ್ತಿದವನಲ್ಲ, ಲಿಫ್ಟ್ ಕಂಡರೆ ಮೆಟ್ಟಿಲು ಹುಡುಕುವವನು. ಇಂಥವನಿಗೆ ದಿನಾ ನೆಲದ ಉಪದೇಶ ಮಾಡಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಆದರೆ ಹೆಂಡತಿ ಶೀಲಾಳ ಮಾತಿನಲ್ಲೂ ಸತ್ಯವಿತ್ತೆಂದು ನಾವು ಒಪ್ಪಿಕೊಳ್ಳಬೇಕು. ಚನ್ನಬಸವರಾಜನ ಕಸುಬು ಜೀನ್ಸ್ ಪ್ಯಾಂಟು ಹೊಲಿಯುವವರಿಗೆ ಜಿಪ್ಪು, ಗುಂಡಿ, ದಾರ ಮಾರುವುದು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೆ ಬರವಿಲ್ಲ, ಹಾಗಾಗಿ ಅಂಗಡಿಯಲ್ಲಿ ಗಿರಾಕಿಗಳಿಗೂ ಬರವಿರಲಿಲ್ಲ. ಬರ ಇದ್ದದ್ದು ಯಜಮಾನನ ಗಮನಕ್ಕೆ. ಗಲ್ಲಾದಲ್ಲಿ ಕೂತರೆ ಎದುರಿಗೆ ಗುಡ್ಡ ಕಾಣುತ್ತಿತ್ತು. ಗುಡ್ಡದ ಮೇಲೊಂದು ಮೋಡ ಬಂದು ನಿಂತರೆ ಚನ್ನಬಸವರಾಜನೂ ಅದರ ಜೊತೆ ನಿಂತುಬಿಡುತ್ತಿದ್ದ. ಐದಿಂಚಿನ ಜಿಪ್ಪು ಕೇಳಿದವರಿಗೆ ಒಂಬತ್ತಿಂಚಿನದನ್ನು ಕಟ್ಟಿಕೊಟ್ಟು, ಮೋಡ ಎತ್ತ ಹೋಯಿತೆಂದು ಬಾಗಿಲಿಗೆ ಬಂದು ನೋಡುತ್ತಿದ್ದ. (ಆ ಜಿಪ್ಪುಗಳು ಹೊಟ್ಟೆಯಿಂದ ಹೊರಟು ಮೊಣಕಾಲಿನ ಕಡೆ ಪ್ರಯಾಣ ಬೆಳೆಸಿದವಂತೆ. ಅದು ಬೇರೆ ಕಥೆ.) ಶೀಲಾ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವವಳು, ಕಂಡದ್ದನ್ನೂ ಇನ್ನೊಮ್ಮೆ ತಾಳೆ ಹಾಕಿ ನೋಡುವವಳು.

ಮಗಳು ಗಂಗೋತ್ರಿ ಏಳನೇ ಕ್ಲಾಸು. ವಾರಕ್ಕೆ ಮೂರು ಸಂಜೆ ಅವಳನ್ನು ಕರಾಟೆ ಕ್ಲಾಸಿಗೆ ಬಿಡುವ, ಕರೆತರುವ ಕೆಲಸ ಅಪ್ಪನದು. ಕಲಿಸುವವನು ಮುಜಾಫರ್ ಎಂಬ ಇಪ್ಪತ್ತೆಂಟರ ಸಣಕಲು ಯುವಕ. ಸಮುದಾಯ ಭವನದ ಹಾಲಿನಲ್ಲಿ ಮಕ್ಕಳು "ಹೂಂ, ಹಾಂ" ಎಂದು ಗಾಳಿಗೆ ಗುದ್ದುತ್ತಿದ್ದರೆ ಚನ್ನಬಸವರಾಜ ಚಪ್ಪಲಿಗಳ ಪಕ್ಕ ಕೂತು ತನ್ನ ಪಾಡಿಗೆ ತಾನು ಎಲ್ಲಿಗೋ ಹೋಗಿರುತ್ತಿದ್ದ. ಹೀಗೆ ನಡೆಯುತ್ತಿದ್ದಾಗ ಒಂದು ಸಂಜೆ ಮುಜಾಫರ್ ಮಕ್ಕಳಿಗೆ ಹಾರೊದೆ ಹೇಳಿಕೊಟ್ಟ.

"ನೋಡ್ರಿಲ್ಲಿ. ಮೊದ್ಲು ಈ ಮೊಣಕಾಲು ಮ್ಯಾಲಕ್ಕ. ಇದು ಸುಳ್ಳು. ಎದುರಿನವ ಇದನ್ನಽ ನೋಡ್ತಾನ. ಅಷ್ಟರಾಗ ನೆಲದ ಮ್ಯಾಲಿನ ಕಾಲು ಹಾರಿ ಒದಿಬೇಕು. ಇದು ಖರೇ. ತಿಳೀತಾ?"

ಎರಡು ಹೆಜ್ಜೆ ಓಡಿದ, ಸುಳ್ಳು ಮೊಣಕಾಲು ಎತ್ತಿದ, ಮೇಲೆ ಹೋದ. ಹೋದವನು ಬರಲಿಲ್ಲ. ಬಂದನೆನ್ನಿ, ಆದರೆ ಬರುವ ಮುಂಚೆ ಒಂದು ಗಳಿಗೆ ಫ್ಯಾನಿಗೂ ನೆಲಕ್ಕೂ ನಡುವೆ ಸುಮ್ಮನೆ ಇದ್ದ. ಯಾರ ಮನೆಯ ಯಾವ ಕೆಲಸವೂ ತನಗಿಲ್ಲ ಎನ್ನುವ ಹಾಗೆ ಇದ್ದ. ಎಲ್ಲಿಗೋ ಹೋಗಿದ್ದ ಚನ್ನಬಸವರಾಜ ಥಟ್ಟನೆ ತಿರುಗಿ ಬಂದ.

ಏಕೆಂದರೆ ಆ ಗಳಿಗೆ ಅವನಿಗೆ ಪರಿಚಯದ್ದು. ಅವನು ಹುಟ್ಟಿ ಬೆಳೆದದ್ದು ಸಿರುಗುಪ್ಪದಲ್ಲಿ. ಚಿಕ್ಕಂದಿನಲ್ಲಿ ಗದ್ದೆಯ ಕಾಲುವೆಗಳನ್ನು ಹಾರಿ ಹಾರಿಯೇ ಶಾಲೆಗೆ ಹೋಗುತ್ತಿದ್ದ. ಒಮ್ಮೆ, ಹತ್ತು ವರ್ಷದವನಿದ್ದಾಗ, ಕಾಲುವೆಯ ನಟ್ಟನಡುವೆ ಕೆಳಗೆ ನೀರು, ನೀರಿನಲ್ಲಿ ಮೋಡ, ಮೋಡದ ಮೇಲೆ ತನ್ನದೇ ನೆರಳು ಕಂಡು, ಇಳಿಯುವುದೇ ಬೇಡ ಎನ್ನಿಸಿತ್ತು. ಆಮೇಲೆ ಕಾಲುವೆಗೆ ಸೇತುವೆ ಕಟ್ಟಿದರು, ಅವನಿಗೆ ಮೀಸೆ ಬಂತು, ಮದುವೆಯಾಯಿತು. ಹಾರುವ ಸಂದರ್ಭ ಮತ್ತೆ ಒದಗಲಿಲ್ಲ. ಈಗ ಚಪ್ಪಲಿಗಳ ನಡುವೆ ಕೂತವನಿಗೆ ಒಂದೇ ಆಸೆ ಹುಟ್ಟಿತು: ಇನ್ನೊಮ್ಮೆ ಅಲ್ಲಿಗೆ ಹೋಗಬೇಕು, ಹೋದದ್ದನ್ನು ಶೀಲಾ ಕಣ್ಣಾರೆ ನೋಡಬೇಕು. ಬರೀ ಒಂದು ಗಳಿಗೆ ಸಾಕು.

"ಶೀಲಾ, ನಾನೂ ಕರಾಟೆ ಸೇರಬೇಕಂತ ಮಾಡೀನಿ."

ಶೀಲಾ ತಿದ್ದುತ್ತಿದ್ದ ಉತ್ತರ ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಯಾರಿಗೆ ಹೊಡಿಯಾಕ?"

"ಹೊಡಿಯಾಕಲ್ಲ, ಹಾರಾಕ."

"ವಯಸ್ಸೆಷ್ಟು ನಿಮ್ದು?"

"ನಲವತ್ತಾರು."

"ತೂಕ?"

"ಅದು ಇಲ್ಲಿ ವಿಷಯ ಅಲ್ಲ."

"ನಿಮಗಲ್ಲರಿ, ಗಾಳಿಗೆ ಅದಽ ವಿಷಯ," ಎಂದು ಶೀಲಾ ಯಾರದೋ ಉತ್ತರಕ್ಕೆ ಕೆಂಪು ಸೊನ್ನೆ ಎಳೆದಳು.

ಸೊನ್ನೆಗೆ ಹೆದರುವ ಕುಲ ಅವನದಲ್ಲ (ಎಸ್ಸೆಸ್ಸೆಲ್ಸಿಯ ಅಂಕಪಟ್ಟಿ ನೋಡಿದವರಿಗೆ ಇದು ಗೊತ್ತು). ಮರುದಿನವೇ ಬಿಳಿ ಅಂಗಿ, ಬಿಳಿ ಪ್ಯಾಂಟು ತಂದ. ಇಪ್ಪತ್ತು ವರ್ಷ ಜಿಪ್ಪು ಮಾರಿದವನಿಗೆ ಜಿಪ್ಪೂ ಇಲ್ಲದ, ಗುಂಡಿಯೂ ಇಲ್ಲದ, ಲಾಡಿ ಕಟ್ಟುವ ಪ್ಯಾಂಟು ಹಾಕಿಕೊಂಡಾಗ ಕುಲವೃತ್ತಿಗೆ ದ್ರೋಹ ಮಾಡಿದಂತಾಯಿತು. ಕನ್ನಡಿಯಲ್ಲಿ ಮಾತ್ರ ಗಗನಗಾಮಿಯೇ ಕಂಡ. ಶೀಲಾಳಿಗೆ ಅಕ್ಕಿ ಮೂಟೆ ಕಂಡಿತಂತೆ. ಭತ್ತದ ನಾಡಾದ ಸಿರುಗುಪ್ಪದವನಾದ್ದರಿಂದ ಅದನ್ನೂ ಅವನು ಹೊಗಳಿಕೆಯೆಂದೇ ತೆಗೆದುಕೊಂಡ.

ಕ್ಲಾಸಿನಲ್ಲಿ ಮೀಸೆ ಇದ್ದ ವಿದ್ಯಾರ್ಥಿ ಅವನೊಬ್ಬನೇ. ಎಡಕ್ಕೆ ಎಂಟು ವರ್ಷದವಳು, ಬಲಕ್ಕೆ ಒಂಬತ್ತು ವರ್ಷದವನು, ನಡುವೆ ನಮ್ಮ ಚನ್ನಬಸವರಾಜ. ಓಡಿದ, ಬಸ್ಕಿ ಹೊಡೆದ, ಬೆವರಿದ, ಎಲ್ಲವೂ ನಡೆಯಿತು. ತೊಂದರೆ ಶುರುವಾದದ್ದು ಮೊದಲ ಒದೆಯಿಂದ.

ಮುಜಾಫರ್ ಎದೆಗೆ ದಪ್ಪ ಪ್ಯಾಡು ಹಿಡಿದು ನಿಂತು "ಒದೀರಿ" ಎಂದ. ಚನ್ನಬಸವರಾಜ ನಿಂತಲ್ಲಿಂದಲೇ ಒದ್ದ. ಅಂಗಾಲು ಪ್ಯಾಡಿಗೆ ತಾಗಿತು. ತಾಗಿದ್ದೇ ತಡ, ಅವನ ಬಲಗೈ ತಾನಾಗಿ ಮುಂದೆ ಹೋಗಿ, ಪ್ಯಾಡು ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಂಡಿತು. ಬಾಯಿ "ಶಿವಾ" ಎಂದಿತು.

"ಅಣ್ಣಾರ, ಏನದು?"

"ಕಾಲು ತಾಗಿತಲ್ರಿ ಮಾಸ್ಟರ್."

"ಕಾಲು ತಾಗಸಾಕಽ ಅಲ್ರೀ ನಾವಿಲ್ಲಿ ಬಂದಿರೋದು!"

ಇದು ಅಜ್ಜಿ ಉಚ್ಚಂಗೆಮ್ಮ ಹಾಕಿಕೊಟ್ಟ ಪಾಠ. ಸಿರುಗುಪ್ಪದ ಮನೆಯಂಗಳದಲ್ಲಿ ಸದಾ ಭತ್ತದ ರಾಶಿ. ಆಡುವ ಮಕ್ಕಳ ಕಾಲು ರಾಶಿಗೆ ತಾಗದೆ ಇರುತ್ತಿರಲಿಲ್ಲ, ಅಜ್ಜಿಯ ಕಣ್ಣು ಅದನ್ನು ಕಾಣದೆ ಇರುತ್ತಿರಲಿಲ್ಲ. "ಅನ್ನ ಐತಿ ಲೇ ಅದು, ಕಣ್ಣಿಗೆ ಒತ್ತಿಕೋ!" ಭತ್ತಕ್ಕೆ, ಸೇರಿಗೆ, ಪುಸ್ತಕಕ್ಕೆ, ಕಸಬರಿಗೆಗೆ, ಮಲಗಿದ್ದ ಅಣ್ಣನಿಗೆ, ಕಾಲು ಯಾವುದಕ್ಕೆ ತಾಗಿದರೂ ಕೈ ಕಣ್ಣಿಗೆ ಹೋಗಬೇಕು. ದಿನಕ್ಕೆ ನೂರು ನಮಸ್ಕಾರ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಇದು ಬಿಳಿ ಪ್ಯಾಂಟು ಹಾಕಿದ ಮಾತ್ರಕ್ಕೆ ಹೋಗುತ್ತದೆಯೇ?

"ಅಲ್ರೀ ಅಣ್ಣಾರ," ಎಂದ ಮುಜಾಫರ್. "ನಾಳಿಗೆ ದಾರ್‍ಯಾಗ ಒಬ್ಬ ಕಳ್ಳ ಅಡ್ಡ ಬರ್ತಾನ. ನೀವು ಒದೀತೀರಿ. ಒದ್ದು, ಅವನ್ನ ಮುಟ್ಟಿ ಕಣ್ಣಿಗೆ ಒತ್ತಿಕೊಂತೀರಿ. ಅವ ಸುಮ್ನ ಇರ್ತಾನೇನು?"

ಚನ್ನಬಸವರಾಜ ಪ್ರಾಮಾಣಿಕವಾಗಿ ಯೋಚಿಸಿದ. "ಇರಬಹುದ್ರಿ. ಕಳ್ಳಗ ಮರ್ಯಾದಿ ಕೊಡೋರು ಯಾರದಾರ? ಕರಗಿದ್ರೂ ಕರಗಿದ."

ಬೈಯಲು ಹೊರಟ ಮುಜಾಫರ್ ಪ್ಯಾಡು ಕೆಳಗಿಳಿಸಿದ. ಅವನ ನಾನಿ ಕುಲ್ಸುಂಬೀ ಕೆಳಗೆ ಬಿದ್ದ ರೊಟ್ಟಿ ಚೂರಿಗೆ ಮುತ್ತಿಟ್ಟು ಕಣ್ಣಿಗೊತ್ತಿಕೊಳ್ಳದೆ ಯಾರನ್ನೂ ದಾಟಿ ಹೋಗಗೊಡುತ್ತಿರಲಿಲ್ಲವಂತೆ. ಕರಾಟೆಯ ಎಲ್ಲ ಪಟ್ಟುಗಳಿಗೂ ಉತ್ತರ ಗೊತ್ತಿದ್ದ ಮಾಸ್ತರನಿಗೆ ಅಜ್ಜಿಯರ ಪಟ್ಟಿಗೆ ಉತ್ತರ ಗೊತ್ತಿರಲಿಲ್ಲ. ಕೊನೆಗೆ ದಾರಿ ತೋರಿಸಿದವಳು ಗಂಗೋತ್ರಿ.

"ಅಪ್ಪಾ, ಮೊದ್ಲಽ ಕೈಮುಗಿದುಬಿಡು. ಆಮ್ಯಾಲೆ ಆರಾಮ ಒದಿ."

ಮುಂಗಡ ನಮಸ್ಕಾರ! ಪ್ಯಾಡು ಮುಟ್ಟಿ ಕಣ್ಣಿಗೊತ್ತಿಕೊಂಡು, ಅಜ್ಜಿಯನ್ನು ನೆನೆದು, ಆಮೇಲೆ ಒದ್ದರೆ ಕೈ ತನ್ನ ಪಾಡಿಗೆ ತಾನು ಸುಮ್ಮನಿರುತ್ತಿತ್ತು. ಹೇಗೂ ಕರಾಟೆಯಲ್ಲಿ ಮೊದಲು ತಲೆಬಾಗುವ ಪದ್ಧತಿ ಇದೆ, ಇದೂ ಅದರೊಳಗೇ ಸೇರಲಿ ಎಂದು ಮುಜಾಫರ್ ಕೈ ಚೆಲ್ಲಿದ.

ಇನ್ನು ಹಾರುವುದೊಂದೇ ಬಾಕಿ. ಮಾಳಿಗೆಯ ಮೇಲೆ ಬಟ್ಟೆ ಒಣಗಿಸುವ ತಂತಿಗೆ ತಲೆದಿಂಬು ಕಟ್ಟಿ ದಿನಾ ಬೆಳಿಗ್ಗೆ ಅಭ್ಯಾಸ ನಡೆಯಿತು. ಒಂದು ಬಕೆಟ್ಟು, ಎರಡು ಹೂಕುಂಡ, ಒಂದು ಸೀರೆಯ ತುಂಬ ಇಟ್ಟಿದ್ದ ಸಂಡಿಗೆ ವೀರಮರಣ ಅಪ್ಪಿದವು. ನೆಲ ಸಮವಾಗಿಲ್ಲ ಎಂದು ಅವನು ವಿವರಣೆ ಕೊಟ್ಟರೆ, "ಕುಣಿಯಾಕ ಬರದಾಕಿ ನೆಲ ಡೊಂಕು ಅಂದಿದ್ಳಂತ," ಎಂದು ಶೀಲಾ ಸಂಡಿಗೆಯ ಪುಡಿ ಬಳಿದಳು.

"ಹಂಗಲ್ಲ, ಒಂದು ಸಲ ನೋಡು. ಬರೇ ಒಂದಽ ಸಲ."

"ನೋಡಿದೆ."

"ಇನ್ನೂ ಹಾರೇ ಇಲ್ಲ!"

ಒಂದು ಸಲ ಅವಳು ನಿಜವಾಗಿ ತಿರುಗಿದಳು, ಅಷ್ಟರಲ್ಲಿ ಅವನು ಇಳಿದಾಗಿತ್ತು. ಇನ್ನೊಂದು ಸಲ ಅವನು ಹಾರುವ ಹೊತ್ತಿಗೆ ಕುಕ್ಕರು ಕೂಗಿತು. ಅವನಿಗೆ ದುಃಖವಾಗುತ್ತಿತ್ತು. ದಿಂಬಿನ ಕಡೆ ಓಡುವಾಗಲೆಲ್ಲ ಒಳಗೆ ಕಾಲುವೆ ಕಾಣುತ್ತಿತ್ತು, ನೀರಿನ ವಾಸನೆ ಬರುತ್ತಿತ್ತು. ಇಷ್ಟು ಚಂದದ್ದನ್ನು ಒಬ್ಬನೇ ಇಟ್ಟುಕೊಂಡು ಏನು ಮಾಡುವುದು ಎಂದು ಅವನಿಗೆ ತಿಳಿಯುತ್ತಿರಲಿಲ್ಲ.

ಆಗಲೇ ಮುಜಾಫರ್ ಕುರುಗೋಡಿನಲ್ಲಿ ಹೊಸ ಶಾಖೆ ತೆರೆಯುವುದೆಂದು ನಿಶ್ಚಯವಾಯಿತು. ಭಾನುವಾರ ಬೆಳಿಗ್ಗೆ ಅಲ್ಲಿನ ಬಯಲಿನಲ್ಲಿ ಪ್ರದರ್ಶನ, ಅಲ್ಲಿಯೇ ಹಳದಿ ಬೆಲ್ಟಿನ ಪರೀಕ್ಷೆ. ಹಾರಿ ಪ್ಯಾಡಿಗೆ ಒದ್ದವರು ಪಾಸು. ಕುರುಗೋಡು ಶೀಲಾಳ ತವರು. ಹೋಗದೆ ಉಪಾಯವಿಲ್ಲ, ಮುಂದಿನ ಸಾಲಿನಲ್ಲಿ ಕೂರದೆ ಉಪಾಯವಿಲ್ಲ, ಕೂತ ಮೇಲೆ ನೋಡದೆ ಉಪಾಯವಿಲ್ಲ! ಚನ್ನಬಸವರಾಜನಿಗೆ ಆ ವಾರವಿಡೀ ನಿದ್ದೆಯಲ್ಲೂ ನಗು.

ಭಾನುವಾರ ಅತ್ತೆ ದಾಕ್ಷಾಯಣಮ್ಮ ಅಳಿಯನಿಗೆ ಒಗ್ಗರಣೆ ಮಂಡಕ್ಕಿಯ ಗುಡ್ಡ ಬಡಿಸಿ, ಗುಡ್ಡದ ಮೇಲೆ ಆರು ಮಿರ್ಚಿ ಬಜ್ಜಿ ಇಟ್ಟರು.

"ಅತ್ತಿ, ನಾ ಈಗ ಹಾರಬೇಕು."

"ಅದಕ್ಕಽ ಹೇಳಾಕತ್ತೀನಿ, ಖಾಲಿ ಹೊಟ್ಟಿಲೆ ಹೋಗಬ್ಯಾಡ್ರಿ. ಗಾಳಿ ಎತ್ತಿಗೊಂಡು ಹೋದೀತು."

ಅತ್ತೆಯ ಮನೆಯಲ್ಲಿ ಬೇಡ ಎನ್ನುವುದನ್ನು ಯಾವ ಕರಾಟೆಯೂ ಕಲಿಸುವುದಿಲ್ಲ. ಆರು ಮಿರ್ಚಿಗಳನ್ನೂ ಹೊತ್ತುಕೊಂಡೇ ಅವನು ಬಯಲಿಗೆ ನಡೆದ.

ಅಲ್ಲಿ ಮುಖ್ಯ ಅತಿಥಿಯಾಗಿ ಹಾರ ಹಾಕಿಸಿಕೊಂಡು ಕೂತಿದ್ದವರು ಅವನ ಮಾವ ವಿರೂಪಾಕ್ಷಪ್ಪ. ಎಪ್ಪತ್ತೆರಡು ವರ್ಷ, ಹಣೆಯ ತುಂಬ ವಿಭೂತಿ, ಒಂದು ಕಾಲದಲ್ಲಿ ಗರಡಿಯಲ್ಲಿ ಸಾಮು ಮಾಡಿದ ತೋಳು. ಮಕ್ಕಳು ಒಬ್ಬೊಬ್ಬರಾಗಿ ಹಾರಿದರು. ಗಂಗೋತ್ರಿ ಹಾರಿ ಪ್ಯಾಡಿಗೆ ಬಾರಿಸಿದ ಸದ್ದಿಗೆ ಬೇವಿನ ಮರದ ಕಾಗೆಗಳು ಎದ್ದವು. ಕೊನೆಗೆ ಚನ್ನಬಸವರಾಜನ ಹೆಸರು ಕೂಗಿದರು. ಮುಜಾಫರ್ ಪ್ಯಾಡು ಎದೆಗವಚಿಕೊಂಡ. ಆಗ ವಿರೂಪಾಕ್ಷಪ್ಪನವರು ಹಾರ ತೆಗೆದು ಕುರ್ಚಿಗೆ ಹಾಕಿ ಎದ್ದರು.

"ಮಾಸ್ಟರ್, ನೀವು ಸಣಕಲು ಅದೀರಿ. ನಮ್ಮ ಅಳಿದೇವ್ರು ಒದ್ರ ನೀವು ಹೋಗಿ ಆಂಧ್ರದಾಗ ಬೀಳ್ತೀರಿ. ಕೊಡ್ರಿ ಇಲ್ಲಿ ಅದನ್ನ."

"ಮಾವಾರ, ಬ್ಯಾಡ್ರಿ," ಎಂದ ಚನ್ನಬಸವರಾಜ. ಧ್ವನಿ ಮಿರ್ಚಿಗಳ ಕೆಳಗೆಲ್ಲೋ ಸಿಕ್ಕಿಕೊಂಡಿತ್ತು.

"ಸಂಕೋಚ ಮಾಡಬ್ಯಾಡ್ರಿ! ಹತ್ತೊಂಬತ್ತು ವರ್ಷದಾಗ ಮನಸಿನ್ಯಾಗ ಏನೇನು ಇಟ್ಟೀರೋ, ಎಲ್ಲಾ ಸೇರಿಸಿ ಒದ್ದುಬಿಡ್ರಿ!"

ಜನ ಹೋ ಎಂದು ನಕ್ಕರು. ಚನ್ನಬಸವರಾಜ ಪ್ಯಾಡಿಗೆ ಮುಂಗಡ ನಮಸ್ಕಾರ ಸಲ್ಲಿಸಿ ಹತ್ತು ಹೆಜ್ಜೆ ಹಿಂದೆ ಬಂದ. ಮೊದಲ ಸಾಲಿನಲ್ಲಿ ಶೀಲಾಳ ಹಳದಿ ಸೀರೆ ಕಂಡಿತು. ಅವಳು ವಿಡಿಯೊ ಹಿಡಿಯಲು ಮೊಬೈಲು ಗಂಗೋತ್ರಿಯ ಕೈಗೆ ಕೊಟ್ಟು ಸೆರಗು ಸರಿಮಾಡಿಕೊಂಡು ಕೂತಳು. ನೋಡುತ್ತಾಳೆ, ಇವತ್ತು ಖಂಡಿತ ನೋಡುತ್ತಾಳೆ ಎಂದುಕೊಂಡು ಅವನು ಓಡಿದ.

ಬಲ ಮೊಣಕಾಲು ಎತ್ತಿದ, ಅದು ಸುಳ್ಳು. ಆಮೇಲೆ ಖರೇ ಬಂತು.

ಸದ್ದುಗಳೆಲ್ಲ ನಿಂತವು. ಕುರುಗೋಡು ಗುಡ್ಡದ ಬಂಡೆಗಳು ಒಂದೊಂದಾಗಿ, ನಿಧಾನವಾಗಿ, ಅವನ ಎತ್ತರಕ್ಕೆ ಇಳಿದು ಬಂದವು. ಮೇಲೊಂದು ಹದ್ದು ರೆಕ್ಕೆ ಬಡಿಯದೆ ನಿಂತಿತ್ತು, ಅವನೂ ಅದರ ನೆರೆಯವನಂತೆ ನಿಂತಿದ್ದ. ಕೆಳಗೆ ನೀರಿತ್ತು, ನೀರಿನಲ್ಲಿ ಮೋಡವಿತ್ತು. ಹಸಿ ಭತ್ತದ ವಾಸನೆ ಬಂತು. ಅಂಗಡಿ, ಜಿಪ್ಪು, ಎಂಬತ್ತೆರಡು ಕಿಲೊ, ಆರು ಮಿರ್ಚಿ ಎಲ್ಲವೂ ಎಲ್ಲೋ ಕೆಳಗಿದ್ದವು. ಎಷ್ಟು ಹೊತ್ತು ಹಾಗಿದ್ದನೋ ಅವನಿಗೆ ತಿಳಿಯದು. ಊಟದ ಹೊತ್ತು ಮೀರಿತೇನೋ ಎಂದು ಕೂಡ ಅನ್ನಿಸಿತು. ಇಷ್ಟು ಸಂತೋಷ ಅವನಿಗೆ ಯಾವತ್ತೂ ಆಗಿರಲಿಲ್ಲ.

ಆಮೇಲೆ ಅವನು ಎದುರಿಗೆ ನೋಡಿದ. ಪ್ಯಾಡಿನ ಮೇಲೆ ಬಿಳಿ ಮೀಸೆ, ಮೀಸೆಯ ಮೇಲೆ ಮೂರು ಎಳೆ ವಿಭೂತಿ. ಮುಂಗಡ ನಮಸ್ಕಾರ ಪ್ಯಾಡಿಗಾಗಿತ್ತು, ಮಾವನಿಗೆ ಆಗಿರಲಿಲ್ಲ! ಹಿರಿಯರಿಗೆ, ಹೆಣ್ಣು ಕೊಟ್ಟವರಿಗೆ, ಕಾಲು! ಉಚ್ಚಂಗೆಮ್ಮ ಭತ್ತದ ರಾಶಿಯ ಹಿಂದಿನಿಂದ ಎದ್ದಳು. ಚನ್ನಬಸವರಾಜನ ಎರಡೂ ಕೈ ತಾವಾಗಿ ಜೋಡಿಸಿಕೊಂಡವು. ಒದೆಯುವ ಕಾಲು ಮಡಚಿಕೊಂಡಿತು. ಮೊದಲು ಮೊಣಕಾಲು, ಆಮೇಲೆ ಹೊಟ್ಟೆ, ಆಮೇಲೆ ಹಣೆ ಎಂಬ ಕ್ರಮದಲ್ಲಿ ಅವನು ವಿರೂಪಾಕ್ಷಪ್ಪನವರ ಪಾದದ ಬಳಿ, ಜೋಡಿಸಿದ ಕೈಗಳನ್ನು ಮುಂದೆ ಚಾಚಿ, ಉದ್ದಕ್ಕೆ ಬಿದ್ದ.

ಬಯಲಿನ ಜನವೆಲ್ಲ ಎದ್ದು ನಿಂತರು. ಆಮೇಲೆ ಚಪ್ಪಾಳೆ ಶುರುವಾಗಿ ನಿಲ್ಲಲೇ ಇಲ್ಲ.

"ಅಳಿಯ ಅಂದ್ರ ಹಿಂಗಿರಬೇಕು ನೋಡ್ರಪಾ!" ಎಂದು ಯಾರೋ ಕೂಗಿದರು. ನಾಲ್ಕೈದು ಮಂದಿ ತಮ್ಮ ತಮ್ಮ ಅಳಿಯಂದಿರ ಕಡೆ ತಿರುಗಿ ಗುರಾಯಿಸಿದರು. ವಿರೂಪಾಕ್ಷಪ್ಪನವರು ಪ್ಯಾಡು ಬಿಸಾಕಿ, ಅಳಿಯನನ್ನು ಭುಜ ಹಿಡಿದು ಎತ್ತಿದರು. ಅವರ ಕಣ್ಣು ತುಂಬಿದ್ದವು. "ಒದಿಸಿಕೊಳ್ಳಾಕ ನಿಂತವನ ಪಾದಕ್ಕ ಬಿದ್ರಲ್ರೀ! ನಾ ಏನು ಪುಣ್ಯ ಮಾಡಿದ್ದೆ!"

ಮುಜಾಫರ್ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ. "ಅಣ್ಣಾರ, ಪ್ಯಾಡಿಗೆ ಕಾಲು ತಾಗಿಲ್ಲ. ಬೆಲ್ಟ್ ಮುಂದಿನ ಸಲ ನೋಡೋಣ." ಚನ್ನಬಸವರಾಜ ಮುಗುಳ್ನಕ್ಕ. ಬೆಲ್ಟು ಯಾರಿಗೆ ಬೇಕು? ಅವನು ಹಾರಿದ್ದ. ತಿಳಿಯಬೇಕಾದದ್ದು ಒಂದೇ, ಶೀಲಾ ನೋಡಿದಳೋ ಇಲ್ಲವೋ. ಮಾವನ ಮನೆಯ ಪಡಸಾಲೆಯಲ್ಲಿ ಮೊಣಕಾಲಿಗೆ ಅರಿಶಿನ ಹಚ್ಚಿಸಿಕೊಳ್ಳುವಾಗ, ಊಟ ಮಾಡುವಾಗ, ನೆರೆಹೊರೆಯವರು ಬಂದು ಅವನನ್ನು ನೋಡಿ ಹೋಗುವಾಗ ಕೇಳಲು ಬಿಡುವೇ ಸಿಗಲಿಲ್ಲ.

ಮಧ್ಯಾಹ್ನದ ಬಳ್ಳಾರಿ ಬಸ್ಸಿನಲ್ಲಿ ಶೀಲಾಳಿಗೆ ಮುಂದೆ ಸೀಟು ಸಿಕ್ಕಿತು. ಅಪ್ಪ ಮಗಳು ಹಿಂದೆ ಕೂತರು. "ವಿಡಿಯೊ ತೋರ್ಸು," ಎಂದ ಚನ್ನಬಸವರಾಜ. ಗಂಗೋತ್ರಿ ತೋರಿಸಿದಳು. ಬಿಳಿ ಮೂಟೆಯೊಂದು ಓಡಿ ಬಂತು, ಬಿತ್ತು.

"ನಡುವಿನದು ಎಲ್ಲಿ?"

"ನಡುವಿಂದು ಇಲ್ಲಪ್ಪಾ, ಇಷ್ಟಽ."

ಅವಳು ಅದನ್ನು ನಿಧಾನಗೊಳಿಸಿ ಮತ್ತೆ ಬಿಟ್ಟಳು. ಬಲ ಮೊಣಕಾಲು ಎದ್ದಿತು. ಕೈಗಳು ಜೋಡಿಸಿಕೊಂಡವು. ದೇಹ ಮುಂದಕ್ಕೆ ವಾಲಿತು. ಗಂಗೋತ್ರಿ ಚಿತ್ರವನ್ನು ದೊಡ್ಡದು ಮಾಡಿ ಬೆರಳಿಟ್ಟು ತೋರಿಸಿದಳು. ಎಡಗಾಲಿನ ಹಿಮ್ಮಡಿ ಎದ್ದಿತ್ತು, ನಾಲ್ಕು ಬೆರಳು ಎದ್ದಿದ್ದವು, ಹೆಬ್ಬೆರಳು ಮಾತ್ರ ಮೊದಲಿನಿಂದ ಕೊನೆಯವರೆಗೂ ಕುರುಗೋಡಿನ ಮಣ್ಣಿನಲ್ಲೇ ಊರಿಕೊಂಡಿತ್ತು. ಹದ್ದು, ಬಂಡೆ, ನೀರು, ಮೋಡ, ಇಷ್ಟೂ ಆ ಹೆಬ್ಬೆರಳಿನ ಮೇಲೆಯೇ ನಡೆದುಹೋಗಿತ್ತು. ಚನ್ನಬಸವರಾಜ ಕಿಟಕಿಯ ಹೊರಗೆ ನೋಡಿದ. ದಾರಿಯಲ್ಲಿ ಕೊಳಗಲ್ಲು ಎಂಬ ಊರು ಬಂತು, ಹೋಯಿತು.

"ನಿಮ್ಮಮ್ಮಗ ತೋರಿಸಬ್ಯಾಡ," ಎಂದ ಕೊನೆಗೆ.

"ನಾ ಇನ್ನ ತೋರಸಂಗಿಲ್ಲಪ್ಪಾ," ಎಂದು ಗಂಗೋತ್ರಿ ಮುಖ ಆ ಕಡೆ ಮಾಡಿದಳು.

ಮನೆಗೆ ಬಂದು ದೀಪ ಹಚ್ಚಿದ ಮೇಲೆ ಶೀಲಾ ಅರಿಶಿನ ಕಲಸಲು ಬಟ್ಟಲು ಹುಡುಕುತ್ತಿದ್ದಳು. ಚನ್ನಬಸವರಾಜ ಮಂಚದ ಮೇಲೆ ಕಾಲು ಚಾಚಿ ಧೈರ್ಯ ಒಟ್ಟುಮಾಡಿಕೊಂಡ.

"ನೋಡಿದೇನು?"

"ಏನನ್ನ?"

"ಹಾರಿದ್ದನ್ನ."

ಶೀಲಾಳ ಕೈ ನಿಂತಿತು. "ಇಲ್ರೀ. ಖರೇ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಓಡಾಕ ಹತ್ತಿದ ಕೂಡ್ಲೇ ಕಣ್ಣು ಮುಚ್ಚಿಕೊಂಡೆ. ಎಲ್ಲಿ ಬಿದ್ದು ಏನ್ ಮುರಕೊಂತೀರೋ ಅಂತ ಜೀವ ಡವಡವ ಅಂತಿತ್ತು. ಎಷ್ಟೊತ್ತಾದ್ರೂ ನೀವು ಕೆಳಗ ಬಂದ ಸಪ್ಪಳಽ ಇಲ್ಲ. ಎಷ್ಟು ಎತ್ತರ ಹೋಗಿದ್ರೋ ಏನೋ!"

ಅಷ್ಟು ಹೇಳಿ ಅಡುಗೆಮನೆಗೆ ಹೋದಳು. ಚನ್ನಬಸವರಾಜ ಮಂಚದ ಮೇಲೆ ನೆಟ್ಟಗೆ ಕೂತ. ತಾಳೆ ಹಾಕದೆ ಏನನ್ನೂ ನಂಬದ ಹೆಂಡತಿ, ಕಣ್ಣು ಮುಚ್ಚಿಕೊಂಡು, ಅವನನ್ನು ಅಷ್ಟು ಎತ್ತರಕ್ಕೆ ಕಳಿಸಿದ್ದಳು! ಅಲ್ಲಿಂದ ಇಳಿಯಲು ಅವನಿಗೆ ಮನಸ್ಸಾಗಲಿಲ್ಲ. ಮೇಜಿನ ಮೇಲೆ ಅವಳ ಮೊಬೈಲಿತ್ತು. ಕುಂಟುತ್ತ ಹೋಗಿ, ಬಾಗಿಲ ಕಡೆ ಒಂದು ಕಣ್ಣಿಟ್ಟು, ವಿಡಿಯೊ ಹುಡುಕಿ ಅಳಿಸಿಹಾಕಿದ. ಸಾಕ್ಷ್ಯನಾಶ ಮಾಡಿದ ಅಪರಾಧಿಗೆ ಆಗಬೇಕಾದ ಅಳುಕು ಆಗಲಿಲ್ಲ, ದೊಡ್ಡ ನೆಮ್ಮದಿಯಾಯಿತು.

ಬಟ್ಟಲು ಹಿಡಿದು ಬಂದ ಶೀಲಾ ಅವನ ಕೈಯಲ್ಲಿದ್ದ ಮೊಬೈಲು ನೋಡಿದಳು.

"ಅಳಿಸಿದ್ರೇನು?"

"ಏ... ಏನನ್ನ?"

"ಇರ್ಲಿ ಬಿಡ್ರಿ," ಎಂದು ಅವಳು ಅವನನ್ನು ಮಂಚಕ್ಕೆ ಕೂರಿಸಿ ತಾನೂ ತುದಿಗೆ ಕೂತಳು. "ಊರಾಗ ನಿಮಗ ಅಪ್ಪ ಅರಿಶಿಣ ಹಚ್ಚಾಕತ್ತಿದ್ದಾಗ, ನಾನು, ಅವ್ವ, ಗಂಗೋತ್ರಿ ಅಡಿಗಿ ಮನ್ಯಾಗ ಕುಂತು ನಾಕು ಸಲ ನೋಡೀವಿ. ಕಾಲು ಈ ಕಡೆ ಚಾಚ್ರಿ. ಆ ಹೆಬ್ಬಟ್ಟು ಇದಽ ಏನು?"